ಆಂಬುಲೆನ್ಸ್ ಇದ್ದರೆ ಸಾಕೇ?

ಮುಂಬಯಿ, ಪುಣೆಯಂಥ ನಗರಗಳ ಕನ್ನಡಿಗರ ಸಂಘ-ಸಂಸ್ಥೆಗಳ ಸಮಾರಂಭಗಳಲ್ಲಿ ಆಂಬುಲೆನ್ಸ್ ಲೋಕಾರ್ಪಣೆ ಅಪರೂಪದ ಸಂಗತಿಯೇನಲ್ಲ. ದಾನಿಗಳ ನೆರವಿನಿಂದ ವಾಹನ ಬರುತ್ತದೆ, ತೆಂಗಿನಕಾಯಿ ಒಡೆದು ಕೀಲಿಕೈ ಹಸ್ತಾಂತರವಾಗುತ್ತದೆ, ಬಾಗಿಲ ಮೇಲೆ ದಾನಿಗಳ ಹೆಸರು ಮೂಡುತ್ತದೆ. ಶ್ಲಾಘನೀಯ ಕಾರ್ಯವೇ. ಆದರೆ ಆ ವಾಹನದಲ್ಲಿ ರೋಗಿಯ ಪಕ್ಕ ಕುಳಿತುಕೊಳ್ಳುವವರು ಯಾರು, ಅವರಿಗೆ ಏನು ಗೊತ್ತಿರಬೇಕು ಎಂದು ಸಭೆಯಲ್ಲಿ ಎದ್ದು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎದುರಿಸಿದವರು ರಣರಂಗದ ವೈದ್ಯರು. ಯುದ್ಧ ಮುಗಿಯುವ ತನಕ ಗಾಯಾಳುಗಳು ಬಿದ್ದಲ್ಲೇ ನರಳುವುದು ವಾಡಿಕೆಯಾಗಿದ್ದ ಕಾಲದಲ್ಲಿ, 1790ರ ದಶಕದಲ್ಲಿ, ಫ್ರೆಂಚ್ ಶಸ್ತ್ರವೈದ್ಯ ಡೊಮಿನಿಕ್ ಲಾರೇ ಕುದುರೆ ಎಳೆಯುವ ಹಗುರ ಗಾಡಿಗಳನ್ನು ಸಜ್ಜುಗೊಳಿಸಿದರು. ಅವಕ್ಕೆ 'ಹಾರುವ ಆಂಬುಲೆನ್ಸ್' ಎಂಬ ಹೆಸರು ಬಂತು. ಹುದ್ದೆ ನೋಡದೆ, ಯಾರ ಗಾಯ ಹೆಚ್ಚು ಅಪಾಯಕಾರಿಯೋ ಅವರಿಗೆ ಮೊದಲು ಚಿಕಿತ್ಸೆ ಎಂಬುದು ಅವರ ನಿಯಮ. ಇಂದು ಆಸ್ಪತ್ರೆಗಳ ತುರ್ತು ವಿಭಾಗ ನಡೆಯುವುದು ಇದೇ ನಿಯಮದ ಮೇಲೆ. ಅಲ್ಲಿಯೂ ವಶೀಲಿ ಹುಡುಕುವವರಿಗೆ ಮಾತ್ರ ಇದು ಇನ್ನೂ ರುಚಿಸಿಲ್ಲ.

ಹೆಚ್ಚಿನ ಪಾಠ ಕಲಿಸಿದ್ದು ಅಮೆರಿಕದ ಅಂತರ್ಯುದ್ಧ. 1862ರ ಆಗಸ್ಟ್‌ನಲ್ಲಿ ನಡೆದ ಎರಡನೆಯ ಬುಲ್ ರನ್ ಕಾಳಗದಲ್ಲಿ ಗಾಯಗೊಂಡ ಸೈನಿಕರು ದಿನಗಟ್ಟಲೆ ಮೈದಾನದಲ್ಲೇ ಬಿದ್ದಿದ್ದರು. ಗಾಡಿಗಳು ಇರಲಿಲ್ಲವೆಂದಲ್ಲ. ಅವು ಸರಬರಾಜು ಇಲಾಖೆಯ ಕೈಯಲ್ಲಿದ್ದು, ಸರಕು ಸಾಗಿಸಲೂ ಬಳಕೆಯಾಗುತ್ತಿದ್ದವು. ಓಡಿಸುವವರಿಗೆ ತರಬೇತಿ ಇರಲಿಲ್ಲ. ಪೊಟೊಮ್ಯಾಕ್ ಸೇನೆಯ ವೈದ್ಯಾಧಿಕಾರಿ ಜೊನಾಥನ್ ಲೆಟರ್‌ಮನ್ ಗಾಡಿಗಳನ್ನು ವೈದ್ಯ ವಿಭಾಗದ ಅಧೀನಕ್ಕೆ ತಂದರು, ಅವಕ್ಕೆಂದೇ ಸೈನಿಕರನ್ನು ನೇಮಿಸಿ ಗಾಯಾಳುಗಳನ್ನು ಎತ್ತುವ, ಇಳಿಸುವ ಕವಾಯತು ಮಾಡಿಸಿದರು. ಕೆಲವೇ ವಾರಗಳ ಬಳಿಕ, ಸೆಪ್ಟೆಂಬರ್‌ನಲ್ಲಿ ಆಂಟೀಟಮ್ ಕಾಳಗ ನಡೆದಾಗ ವ್ಯತ್ಯಾಸ ಎದ್ದು ಕಂಡಿತು. 1864ರಲ್ಲಿ ಈ ಪದ್ಧತಿಗೆ ಅಮೆರಿಕದ ಸಂಸತ್ತು ಕಾನೂನಿನ ರೂಪ ಕೊಟ್ಟಿತು. ಆ ಯುದ್ಧದಲ್ಲಿ ದುಡಿದ ವೈದ್ಯ ಎಡ್ವರ್ಡ್ ಡಾಲ್ಟನ್ 1869ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ನಾಗರಿಕರಿಗಾಗಿ ಆಂಬುಲೆನ್ಸ್ ಸೇವೆ ಆರಂಭಿಸಿದಾಗ, ಕುದುರೆಗಾಡಿಯಲ್ಲಿ ವೈದ್ಯರೂ ಜತೆಗೆ ಹೊರಡುತ್ತಿದ್ದರು.

ಭಾರತೀಯರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಬೋಯರ್ ಯುದ್ಧದ ಸಮಯದಲ್ಲಿ, 1899ರಲ್ಲಿ, ದಕ್ಷಿಣ ಆಫ್ರಿಕದ ನೆಟಾಲ್‌ನಲ್ಲಿ ಗಾಂಧೀಜಿ ಸುಮಾರು 1,100 ಮಂದಿಯ ಆಂಬುಲೆನ್ಸ್ ದಳ ಕಟ್ಟಿದರು. ಅವರಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳು. ದಿನಕ್ಕೆ 20-25 ಮೈಲಿ ಸ್ಟ್ರೆಚರ್ ಹೊತ್ತು ನಡೆದ ಈ ದಳದವರಿಗೂ ಡಾ. ಬೂತ್ ಎಂಬವರಿಂದ ಶುಶ್ರೂಷೆಯ ತರಬೇತಿ ಮೊದಲೇ ಆಗಿತ್ತು ಎಂಬುದು ಗಮನಾರ್ಹ.

ಕಲಿತ ಪಾಠ ಮರೆತೂ ಹೋಗುತ್ತದೆ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ ವರದಿಯ ಪ್ರಕಾರ, ಗಂಭೀರವಾಗಿ ಗಾಯಗೊಂಡವನು ನಗರದ ಬೀದಿಗಿಂತ ರಣರಂಗದಲ್ಲಿ ಬದುಕುಳಿಯುವ ಸಾಧ್ಯತೆ ಹೆಚ್ಚಾಗಿತ್ತು. ಕೊರಿಯ, ವಿಯೆಟ್ನಾಂಗಳಲ್ಲಿ ಹೆಲಿಕಾಪ್ಟರ್ ಬಂದು ಸೈನಿಕನನ್ನು ಎತ್ತುತ್ತಿತ್ತು. ಊರಿನಲ್ಲಿ ಸುಮಾರು ಅರ್ಧದಷ್ಟು ಆಂಬುಲೆನ್ಸ್ ಸೇವೆ ಅಂತ್ಯಸಂಸ್ಕಾರ ನಡೆಸುವವರ ಕೈಯಲ್ಲಿತ್ತು. ಮನುಷ್ಯನನ್ನು ಮಲಗಿಸಿ ಒಯ್ಯಬಲ್ಲ ಗಾಡಿ ಇದ್ದದ್ದು ಅವರ ಬಳಿ! ನಗಬೇಕಾಗಿಲ್ಲ. ಬೆಳಿಗ್ಗೆ ಶವ, ಸಂಜೆ ರೋಗಿಯನ್ನು ಒಯ್ಯುವ ವಾಹನಗಳು ನಮ್ಮಲ್ಲೂ ಇವೆ. ಅದೇ 1966ರಲ್ಲಿ ಬೆಲ್‌ಫಾಸ್ಟ್‌ನ ಡಾ. ಫ್ರಾಂಕ್ ಪ್ಯಾಂಟ್ರಿಜ್ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವನ್ನು ಆಂಬುಲೆನ್ಸ್‌ನಲ್ಲಿಟ್ಟು ಹೃದಯಾಘಾತವಾದವರ ಮನೆಬಾಗಿಲಿಗೇ ಒಯ್ದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಬಂದವರು ಅವರು.

ಭಾರತದಲ್ಲಿ 108 ಸೇವೆ ಹೈದರಾಬಾದಿನಲ್ಲಿ ಶುರುವಾದದ್ದು 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ 2008ರ ರಾಜ್ಯೋತ್ಸವದಂದು, ಮಹಾರಾಷ್ಟ್ರಕ್ಕೆ 2014ರಲ್ಲಿ ಬಂತು. ಇದರಲ್ಲಿ ತರಬೇತಾದ ಸಿಬ್ಬಂದಿ ಇರುತ್ತಾರೆ. ಆದರೂ ಟ್ರಾಫಿಕ್ ಸೀಳಿ ವಾಹನ ಬರುವ ತನಕದ ನಿಮಿಷಗಳಲ್ಲಿ ಗಾಯಾಳುವಿನ ಸುತ್ತ ಇರುವವರು ದಾರಿಹೋಕರೇ. ಪೊಲೀಸು, ಕೋರ್ಟು ಎಂಬ ಭಯದಿಂದ ಅವರು ಹಿಂಜರಿಯಬೇಕಾಗಿಲ್ಲ. ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಮುದ್ರೆ ಒತ್ತಿದೆ, 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಲ್ಲಿ ಅದು ಸೇರಿದೆ. ಕಾನೂನು ಬಂದರೂ ಕೈಗೆ ಕೆಲಸ ಗೊತ್ತಿರಬೇಕಲ್ಲ? ರಕ್ತಸ್ರಾವ ಹೇಗೆ ತಡೆಯಬೇಕು, ಬೆನ್ನುಮೂಳೆಗೆ ಪೆಟ್ಟಾದವನನ್ನು ಏಕೆ ಹೇಗೆಂದರೆ ಹಾಗೆ ಎತ್ತಿ ರಿಕ್ಷಾಕ್ಕೆ ತುಂಬಬಾರದು, ಉಸಿರು ನಿಂತವನ ಎದೆಯನ್ನು ಹೇಗೆ ಒತ್ತಬೇಕು ಎಂಬುದು ಭಾಷಣ ಕೇಳಿ ಬರುವ ವಿದ್ಯೆಯಲ್ಲ.

ರಕ್ತದಾನ ಶಿಬಿರ, ನೇತ್ರ ತಪಾಸಣೆಗಳನ್ನು ವರ್ಷ ತಪ್ಪದೆ ನಡೆಸುವ ನಮ್ಮ ಸಂಘಗಳಿಗೆ ಪ್ರಥಮ ಚಿಕಿತ್ಸೆಯ ತರಗತಿ ಹೊರೆಯಾಗಲಾರದು. ಸೈಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಕಲಿಸಿಕೊಡುತ್ತವೆ. ನಮ್ಮವರಲ್ಲೇ ವೈದ್ಯರು, ದಾದಿಯರು ಬೇಕಾದಷ್ಟಿದ್ದಾರೆ. ಯುವ ವಿಭಾಗ, ಮಹಿಳಾ ವಿಭಾಗಗಳಿಂದ ಇಪ್ಪತ್ತು ಮಂದಿಯಂತೆ ಕಲಿಯಲಿ. ವಾಹನ ಹೊಂದಿರುವ ಸಂಘಗಳು ಚಾಲಕನ ಜತೆಗೆ ತರಬೇತಾದ ಸಹಾಯಕನೊಬ್ಬನನ್ನು ಇಟ್ಟುಕೊಳ್ಳಲಿ. ಮುಂದಿನ ಮಹಾಸಭೆಯ ಆಯವ್ಯಯದಲ್ಲಿ ಡೀಸೆಲ್, ವಿಮೆಯ ಖರ್ಚಿನ ಕೆಳಗೆ ಆತನ ಸಂಬಳಕ್ಕೂ ಒಂದು ಸಾಲು ಇರಲಿ.