ಸೈಜ್ ಆಮೇಲೆ, ಮೊದಲು ಊರು ಹೇಳ್ರಿ

ದೊಡ್ಡ ಕಾಯಿಲೆ ಬಂತೆಂದರೆ ಯಾದಗಿರಿ ಜಿಲ್ಲೆಯವರು ಊರು ಬಿಡಲೇಬೇಕು. ಯಾದಗಿರಿಯವರು ಸ್ಟೇಷನ್ನಿಗೆ ಹೋಗಿ ಬೆಂಗಳೂರಿನ ಗಾಡಿಯನ್ನೋ ಸೋಲಾಪುರದ ಗಾಡಿಯನ್ನೋ ಹತ್ತುತ್ತಾರೆ. ಗದಗ-ವಾಡಿ ರೈಲು ಮಾರ್ಗ ಮುಗಿಯುವವರೆಗೆ ಶಹಾಪುರ, ಸುರಪುರದವರಿಗೆ ಬಸ್ಸೇ ಗತಿ: ಕಲಬುರಗಿ, ಇಲ್ಲವೇ ಹೈದರಾಬಾದ್. ಎದೆಯಲ್ಲಿ ಗಂಟು ಕಂಡ ಹೆಣ್ಣುಮಗಳದೂ ಇದೇ ದಾರಿ. ಮೊದಲು ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ, ಅಲ್ಲಿಂದ ಮುಂದೆ ಬೆಂಗಳೂರಿನ ಕಿದ್ವಾಯಿ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. 2022ರ ಒಂದೇ ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳೆಂದು ಅಂದಾಜು.

ಗಂಟಿನ ಮಾತನ್ನು ಈಗೀಗ ನಮ್ಮ ಕಡೆ ಅಷ್ಟಿಷ್ಟು ಆಡುತ್ತಾರೆ. ಸ್ತನ ತೆಗೆದ ಮೇಲೆ ಏನು ಎಂಬ ಮಾತು ಮಾತ್ರ ಸೆರಗಿನ ಒಳಗೇ ಉಳಿದಿದೆ. "ಜೀವ ಉಳೀತಲ್ಲ, ಅಷ್ಟ ಸಾಕು" ಎಂದು ಮನೆಯವರು ಮುಗಿಸಿಬಿಡುತ್ತಾರೆ. ಆದರೆ ಜೀವ ಉಳಿದವಳು ಇನ್ನೂ ಎಷ್ಟೋ ವರ್ಷ ಅದೇ ಮೈಯಲ್ಲಿ ಬಾಳಬೇಕು. ಕುಪ್ಪಸ ತೊಡಬೇಕು, ಮದುವೆ-ಜಾತ್ರೆಗೆ ಹೋಗಬೇಕು, ಹತ್ತಿ ಬಿಡಿಸಬೇಕು. ತೆಗೆದ ಸ್ತನದ ಜಾಗಕ್ಕೆ ಕೂಡಿಸುವ ಇಂಪ್ಲಾಂಟನ್ನು ಅವಳು ಕೇಳಿದರೆ ಅದು ಶೋಕಿಯಲ್ಲ.

ಈ ವಾರದ ಮಾತು ಇಷ್ಟೆ. ಯಾವ ಇಂಪ್ಲಾಂಟ್ ಒಳ್ಳೆಯದು ಎಂಬ ಪ್ರಶ್ನೆಗೆ ಬೆಂಗಳೂರಿನ ಹೆಂಗಸಿಗೆ ಸಿಗುವ ಉತ್ತರವೇ ನಮ್ಮ ಜಿಲ್ಲೆಯ ಕೆಂಭಾವಿಯವಳಿಗೂ ಸರಿಹೊಂದಬೇಕೆಂದಿಲ್ಲ. ಸರ್ಜನ್ ಎದುರು ಕೂತಾಗ ಸೈಜಿನ ಮಾತಿಗಿಂತ ಮೊದಲು ನಿಮ್ಮ ಊರು ಯಾವುದು, ಕೆಲಸ ಏನು, ಎಷ್ಟು ಸಲ ಮತ್ತೆ ಬಂದು ತೋರಿಸಲು ಆಗುತ್ತದೆ ಎಂಬುದನ್ನು ಹೇಳಿಬಿಡಿ.

ಇಂಪ್ಲಾಂಟ್ ಬೇಡ ಎನ್ನುವುದೂ ಒಂದು ಆಯ್ಕೆ. ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕಾನಿನ ಅಥವಾ ನೂಲಿನ ಕೃತಕ ಸ್ತನ ಸಿಗುತ್ತದೆ, ಇನ್ನೊಂದು ಆಪರೇಷನ್ ತಪ್ಪುತ್ತದೆ. ಸ್ತನ ಮತ್ತೆ ಕಟ್ಟಿಸಲೇಬೇಕು ಅಂದರೆ ಎರಡು ದಾರಿ. ಒಂದು ಇಂಪ್ಲಾಂಟ್. ಇನ್ನೊಂದು, ನಿಮ್ಮದೇ ಹೊಟ್ಟೆಯ ಕೊಬ್ಬು-ಚರ್ಮವನ್ನೋ ಬೆನ್ನಿನ ಸ್ನಾಯುವನ್ನೋ ತಂದು ಸ್ತನ ಕಟ್ಟುವುದು. ಎರಡನೆಯದು ದೊಡ್ಡ ಆಪರೇಷನ್. ಗಾಯ ಎರಡು ಕಡೆ, ಆಸ್ಪತ್ರೆವಾಸವೂ ಹೆಚ್ಚು. ಆದರೆ ಒಮ್ಮೆ ಕೂಡಿಕೊಂಡರೆ ಅದು ನಿಮ್ಮದೇ ಮಾಂಸ, ಮುಂದೆ ಬದಲಿಸುವ ಕೆಲಸವಿಲ್ಲ. ಕೊಡ ಹೊರುವವರು, ನಾಟಿ ಹಚ್ಚುವವರು, ಮೂಟೆ ಎತ್ತುವವರು ಯಾವ ಸ್ನಾಯು ತೆಗೆಯುತ್ತಾರೆ, ಭುಜಕ್ಕೆ, ಹೊಟ್ಟೆಗೆ ಬಲ ಎಷ್ಟು ಕಡಿಮೆಯಾಗುತ್ತದೆ, ಹೊಲಕ್ಕೆ ಯಾವಾಗ ಇಳಿಯಬಹುದು ಎಂದು ಕೇಳಬೇಕು. ಕೇಳದಿದ್ದರೆ ನೀವು ಕುರ್ಚಿ ಮೇಲೆ ಕೂತು ದುಡಿಯುವವರು ಎಂದೇ ಡಾಕ್ಟರು ಅಂದುಕೊಳ್ಳಬಹುದು.

ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡುವುದಿದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಒಳಗೆ ಕೂತ ಇಂಪ್ಲಾಂಟಿನ ಸುತ್ತ ಮೈ ತಾನೇ ಒಂದು ಪೊರೆ ಕಟ್ಟುತ್ತದೆ. ಆ ಪೊರೆ ಬಿಗಿದುಕೊಂಡರೆ ಎದೆ ಗಟ್ಟಿಯಾಗಿ ನೋಯುತ್ತದೆ, ಆಕಾರ ಕೆಡುತ್ತದೆ. ವಿಕಿರಣ ಚಿಕಿತ್ಸೆ ಪಡೆದ ಎದೆಯಲ್ಲಿ ಹೀಗಾಗುವುದು ಹೆಚ್ಚು. ಅದಕ್ಕೇ ಕ್ಯಾನ್ಸರ್ ಸರ್ಜನ್, ಕರೆಂಟ್ ಕೊಡುವ ಡಾಕ್ಟರ್, ಪ್ಲಾಸ್ಟಿಕ್ ಸರ್ಜನ್ ಮೂವರೂ ಸ್ತನ ತೆಗೆಯುವ ಮುಂಚೆಯೇ ಮಾತಾಡಿಕೊಳ್ಳಬೇಕು. ತಂಬಾಕಿನ ವಿಷಯವನ್ನೂ ಮುಚ್ಚಿಡಬಾರದು. ಸಿಗರೇಟು ಸೇದುವುದಿಲ್ಲ ಎಂದು ನಮ್ಮ ಹೆಂಗಸರು ಧೈರ್ಯವಾಗಿ ಹೇಳುತ್ತಾರೆ. ಬೆಳಿಗ್ಗೆ ಹಲ್ಲಿಗೆ ತಿಕ್ಕುವ ಮಿಶ್ರಿ, ಎಲೆಯೊಳಗಿನ ತಂಬಾಕು ಲೆಕ್ಕಕ್ಕೇ ಬರುವುದಿಲ್ಲ. ನಿಕೋಟಿನ್ ಯಾವ ದಾರಿಯಿಂದ ಹೋದರೂ ರಕ್ತನಾಳ ಬಿಗಿಯುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಶುಗರ್ ಇದ್ದರಂತೂ ಇನ್ನೂ ಕಷ್ಟ.

ಇನ್ನು ಬಗೆಗಳು. ಅಮೆರಿಕದ ಹ್ಯೂಸ್ಟನ್‌ನಲ್ಲಿ 1962ರಲ್ಲಿ ಮೊದಲ ಸಿಲಿಕಾನ್ ಜೆಲ್ ಇಂಪ್ಲಾಂಟ್ ಹಾಕಿದರು. ಹೊರಚೀಲ ಎಲ್ಲದಕ್ಕೂ ಸಿಲಿಕಾನಿನದೇ, ಒಳಗೆ ಜೆಲ್ ಇದೆಯೋ ಉಪ್ಪುನೀರಿದೆಯೋ ಎಂಬುದರಲ್ಲಿ ಭೇದ. ಉಪ್ಪುನೀರಿನದು ಒಡೆದರೆ ಎದೆ ಇಳಿದುಹೋಗುತ್ತದೆ, ಯಾರೂ ಹೇಳಬೇಕಿಲ್ಲ. ಮೈ ತೆಳುವಾದವರಲ್ಲಿ ಅದರ ನೆರಿಗೆ ಹೊರಗೆ ಕಾಣುವ ಸಂಭವ ಹೆಚ್ಚು. ಜೆಲ್ ಮುಟ್ಟಲು ಸಹಜ, ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಅದೇ. ಆದರೆ ಅದು ಸದ್ದಿಲ್ಲದೆ ಒಡೆಯಬಹುದು, ಸ್ಕ್ಯಾನ್ ಮಾಡದೆ ಗೊತ್ತಾಗದೇ ಇರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವಂತೆ ಜೆಲ್ ಹಾಕಿಸಿಕೊಂಡವರು ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು-ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು. ಊರು ಹೇಳ್ರಿ ಎಂದದ್ದು ಇದಕ್ಕೇ. ಈ ತಪಾಸಣೆಯ ಖರ್ಚು, ಓಡಾಟ ಎರಡೂ ಆಪರೇಷನ್ನಿನ ಬಿಲ್ಲಿನಲ್ಲಿ ಇರುವುದಿಲ್ಲ. ಇಂಪ್ಲಾಂಟ್ ಜೀವಮಾನದ ವಸ್ತುವೂ ಅಲ್ಲ. ಹಾಕಿದ ದಿನವೇ ತೆಗೆಯುವ ದಿನವೂ ಒಂದಿದೆ ಎಂದು ತಿಳಿದಿರಬೇಕು.

ಆಕಾರ ದುಂಡಗೋ ಹನಿಯಂತೆಯೋ? ಹನಿಯಾಕಾರದ್ದು ಒಳಗೆ ತಿರುಗಿದರೆ ಎದೆ ವಾರೆಯಾಗುತ್ತದೆ, ಹಾಗಾಗಿ ತಿರುಗದಿರಲೆಂದು ಅದರ ಮೈಯನ್ನು ಒರಟು ಮಾಡುತ್ತಾರೆ. ಈ ಒರಟು ಮೈಯ ಇಂಪ್ಲಾಂಟುಗಳ ಜೊತೆಗೇ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್ ತಳುಕು ಹಾಕಿಕೊಂಡಿದೆ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಮಾದರಿಯನ್ನು ಜಗತ್ತಿನೆಲ್ಲೆಡೆ ವಾಪಸು ಪಡೆದದ್ದು ಇದೇ ಕಾರಣಕ್ಕೆ. ತೊಂದರೆ ಇಲ್ಲದವರು ಸುಮ್ಮನೆ ತೆಗೆಸಬೇಕಿಲ್ಲ ಎಂದು ಆಗ ಎಫ್‌ಡಿಎ ಹೇಳಿತು. ಆದರೆ ವರ್ಷಗಳ ನಂತರ ಒಂದೇ ಕಡೆ ಎದೆ ಊದಿಕೊಂಡರೆ ಸುಣ್ಣ-ಅರಿಸಿನ ಹಚ್ಚಿ ಕೂರಬಾರದು. ಹೊಸದಾಗಿ ಹಾಕಿಸಿಕೊಳ್ಳುವವರು ನುಣುಪೋ ಒರಟೋ ಎಂದು ಬಾಯಿಬಿಟ್ಟು ಕೇಳಬೇಕು.

ಚರ್ಮ ಸಾಲದಿದ್ದರೆ ಮೊದಲು ಒಂದು ಬಲೂನು ಇಟ್ಟು, ವಾರ-ಎರಡು ವಾರಕ್ಕೊಮ್ಮೆ ಅದಕ್ಕೆ ಉಪ್ಪುನೀರು ತುಂಬಿ ಹಿಗ್ಗಿಸಿ, ಆಮೇಲೆ ಇಂಪ್ಲಾಂಟ್ ಕೂಡಿಸುತ್ತಾರೆ. ಬೆಂಗಳೂರಿನವರಿಗೆ ಅದು ಅರ್ಧ ದಿನದ ಕೆಲಸ. ಸುರಪುರದವಳಿಗೆ ಪ್ರತಿ ಸಲವೂ ಎರಡು ರಾತ್ರಿ ಪ್ರಯಾಣ, ಜೊತೆಗೊಬ್ಬರ ಕೂಲಿ ನಷ್ಟ. ಒಂದೇ ಸಲಕ್ಕೆ ಮುಗಿಸಲು ಬರುತ್ತದೆಯೇ, ನೀರು ತುಂಬುವ ಕೆಲಸವನ್ನಾದರೂ ಕಲಬುರಗಿಯಲ್ಲಿ ಮಾಡಿಸಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಸೈಜು ಕೊನೆಗೆ. ಅದನ್ನು ಸಿಸಿಯಲ್ಲಿ ಅಳೆಯುತ್ತಾರೆ. ಎದೆಯ ಅಗಲ, ಚರ್ಮದ ದಪ್ಪ, ಇನ್ನೊಂದು ಸ್ತನದ ಅಳತೆ ಸೇರಿ ಅದನ್ನು ನಿರ್ಧರಿಸುತ್ತವೆ. ಮೊಬೈಲಿನಲ್ಲಿ ನಟಿಯ ಫೋಟೊ ತೋರಿಸಿ ಇದೇ ಬೇಕು ಅಂದರೆ ಆಗದು. ಕ್ಯಾನ್ಸರ್ ಇಲ್ಲದೆ, ಮದುವೆಗೆ ಮುಂಚೆ ಎದೆ ತುಂಬಿಸಿಕೊಳ್ಳಲು ಹೊರಟ ಹುಡುಗಿಯರಿಗೂ ಇದೇ ಮಾತು. ಅಂಥವರಿಗೆ ಎಫ್‌ಡಿಎ ಜೆಲ್ ಇಂಪ್ಲಾಂಟ್ ಒಪ್ಪಿರುವುದು 22 ವರ್ಷ ತುಂಬಿದ ಮೇಲೆ, ಉಪ್ಪುನೀರಿನದಕ್ಕೆ 18. ಮುಂದೆ ಮಗುವಿಗೆ ಹಾಲೂಡುವ ಆಸೆಯಿದ್ದರೆ ಕತ್ತರಿ ಎಲ್ಲಿ ಹಾಕುತ್ತಾರೆ ಎಂಬುದನ್ನು ಕೇಳಿರಿ. ತೊಟ್ಟಿನ ಸುತ್ತ ಕೊಯ್ದರೆ ಹಾಲಿಗೆ ತೊಡಕಾಗುವ ಸಂಭವ ಹೆಚ್ಚು.

ಸರ್ಜನ್ ಯಾರು? ಎಂಎಸ್ ಮುಗಿಸಿದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮಾಡಿದವರು. ಬೋರ್ಡಿನ ಮೇಲೆ 'ಕಾಸ್ಮೆಟಿಕ್' ಎಂದು ಬರೆಸಿಕೊಂಡವರೆಲ್ಲ ಅವರಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅವರ ನೋಂದಣಿ ನೋಡಬಹುದು. ಖಾಸಗಿ ಆಸ್ಪತ್ರೆಯಾದರೆ 2007ರ ಕೆಪಿಎಂಇ ಕಾಯ್ದೆಯ ನೋಂದಣಿ ಇದೆಯೇ ಎಂದು ಕೇಳಿ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕೇಂದ್ರವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡರು. ವಯಸ್ಸು 21. ಆಪರೇಷನ್ ಸಣ್ಣದೇ ಎಂದರೂ ಅರಿವಳಿಕೆ ಕೊಡುವವರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯೇ ಎಂದು ಕೇಳಲೇಬೇಕು.

ಮನೆಗೆ ಮರಳುವಾಗ ಇಂಪ್ಲಾಂಟ್ ಕಾರ್ಡ್ ಕೈಯಲ್ಲಿರಲಿ. ಕಂಪನಿ, ಮಾದರಿ, ಸೀರಿಯಲ್ ನಂಬರ್ ಅದರಲ್ಲಿರುತ್ತವೆ. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ಬಳಕೆಯ ಸಿಲಿಕಾನ್ ತುಂಬಿ ಮಾರಿದ್ದು ಬಯಲಾಯಿತು. ಮರುವರ್ಷ ಅಲ್ಲಿನ ಸರ್ಕಾರ ಸುಮಾರು 30,000 ಹೆಂಗಸರಿಗೆ ತೆಗೆಸಿಕೊಳ್ಳಿ ಎಂದು ಸಲಹೆ ಕೊಟ್ಟಿತು. ಯಾರ ಎದೆಯಲ್ಲಿ ಯಾರ ಮಾಲು ಎಂದು ಹೇಳಲು ದಾಖಲೆಯಲ್ಲದೆ ಬೇರೆ ದಾರಿಯಿಲ್ಲ. ರೇಷನ್ ಕಾರ್ಡ್ ಇಟ್ಟಲ್ಲೇ ಅದನ್ನೂ ಇಡಿ, ಫೋಟೊ ತೆಗೆದು ಮಕ್ಕಳ ಫೋನಿಗೂ ಹಾಕಿ. ಇಂಪ್ಲಾಂಟಿನಿಂದ ತೊಂದರೆಯಾದರೆ ಸರ್ಕಾರದ ಸಹಾಯವಾಣಿ 1800-180-3024ಕ್ಕೆ ದೂರು ಕೊಡಬಹುದು.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸ್ತನ ತೆಗೆಯುವುದು ಒಂದು ಬಾಬು, ಮತ್ತೆ ಕಟ್ಟುವುದು ಇನ್ನೊಂದು. ಇಂಪ್ಲಾಂಟಿನ ಬೆಲೆ ಪ್ಯಾಕೇಜಿನ ಒಳಗೋ ಹೊರಗೋ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ಬರೆಸಿಕೊಳ್ಳಿ. ಚೆನ್ನೈನ ಸ್ಟಾನ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2018ರಲ್ಲೇ ಬಡವರಿಗೆ ಸ್ತನದ ಶಸ್ತ್ರಚಿಕಿತ್ಸೆ ಉಚಿತವಾಗಿ ಮಾಡಲು ಕ್ಲಿನಿಕ್ ತೆರೆಯಿತು. ನಮ್ಮ ಯಾದಗಿರಿಗೂ ಈಗ ವೈದ್ಯಕೀಯ ಕಾಲೇಜು ಇದೆ, ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ತಿಂಗಳಿಗೊಂದು ದಿನ ಕಲಬುರಗಿಯಿಂದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬಂದು ಆಪರೇಷನ್ ಆದವರನ್ನು ನೋಡಲಿ, ಸ್ತನದ ಅಲ್ಟ್ರಾಸೌಂಡ್ ಇಲ್ಲೇ ಆಗಲಿ. ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ.

ಕೊನೆಯ ಮಾತು ಗಂಡಸರಿಗೆ. ಡಾಕ್ಟರ ಎದುರಿನ ಕುರ್ಚಿಯಲ್ಲಿ ನೀವು ಕೂತು, ಅವಳನ್ನು ಹಿಂದೆ ನಿಲ್ಲಿಸಿ, "ಏನ್ ಮಾಡ್ತೀರೋ ಮಾಡ್ರಿ ಸಾಹೇಬ್ರ" ಎನ್ನುವ ಪದ್ಧತಿ ಬಿಡಿ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಬುದ್ಧಿ ಬಲಿತ ರೋಗಿಯ ಮೈಗೆ ಒಪ್ಪಿಗೆ ಕೊಡಬೇಕಾದವರು ಆ ರೋಗಿಯೇ. ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಅಲ್ಲಿ ನಡೆಯಲಿಲ್ಲ. ಬೇಕೋ ಬೇಡವೋ, ಜೆಲ್ಲೋ ನೀರೋ, ಇವತ್ತೋ ಮುಂದಿನ ವರ್ಷವೋ ಎಂಬುದನ್ನು ಅವಳೇ ಹೇಳಲಿ. ನಿಮ್ಮ ಪಾಲಿನ ಕೆಲಸವೂ ಇದೆ: ಐದು ವರ್ಷದ ಮೇಲೆ ಸ್ಕ್ಯಾನಿಗೆ ಟಿಕೆಟ್ ತೆಗೆಸುವುದನ್ನು ಮರೆಯಬೇಡಿ.