ಮೊದಲ ಸರದಿ ಗೇಣಿ ಚೀಟಿಗಿರಲಿ

ಮನೆಗೆ ಸ್ಕ್ಯಾನರ್ ತಂದವರು ಮೊದಲು ಗಾಜಿನ ಮೇಲಿಡುವುದು ಕ್ರಯಪತ್ರ, ಪಹಣಿ, ಮಾರ್ಕ್ಸ್ ಕಾರ್ಡು. ಅವು ಬೇಕಾದವೇ. ಆದರೆ ಅವುಗಳ ಇನ್ನೊಂದು ಪ್ರತಿ ಎಲ್ಲೋ ಒಂದು ಕಡೆ ಇರುತ್ತದೆ. ನೋಂದಣಿಯಾದ ಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ಪಹಣಿ ‘ಭೂಮಿ’ಯಲ್ಲಿದೆ, ಶುಲ್ಕ ಕಟ್ಟಿದರೆ ಬೋರ್ಡು ಇನ್ನೊಂದು ಮಾರ್ಕ್ಸ್ ಕಾರ್ಡು ಕೊಡುತ್ತದೆ. ಯಾವ ಕಚೇರಿಯಲ್ಲೂ ನಕಲಿಲ್ಲದ ಕಾಗದಗಳು ಇರುವುದು ನಮ್ಮ ನಮ್ಮ ಟ್ರಂಕಿನ ತಳದಲ್ಲಿ. ಸ್ಕ್ಯಾನರಿನ ಮೊದಲ ಸರದಿ ಅವುಗಳಿಗೇ ಸಲ್ಲಬೇಕು.

ನಾನು ಸಾಗರ ತಾಲ್ಲೂಕಿನ ಗೇಣಿದಾರರ ಮನೆಯ ಮಗಳು. ಅಜ್ಜ ಒಡೆಯರಿಗೆ ಭತ್ತ ಅಳೆದಾಗ ಸಿಕ್ಕ ಚೀಟಿಗಳನ್ನು ಅಪ್ಪ ತಗಡಿನ ಡಬ್ಬಿಯಲ್ಲಿ ಕಾಪಾಡಿಟ್ಟಿದ್ದರು. ಅಂಗೈಯಗಲದ ಕಾಗದ, ಪೆನ್ಸಿಲ್ಲಿನಲ್ಲಿ ಬರೆದ ಖಂಡುಗ–ಕೊಳಗದ ಲೆಕ್ಕ, ಕೆಳಗೊಂದು ಸಹಿ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಸಿಡಿದೆದ್ದದ್ದು ಆ ಕೊಳಗದ ಅಳತೆಯ ಅನ್ಯಾಯಕ್ಕೆ. 1974ರ ಭೂಸುಧಾರಣೆಯ ನಂತರ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ ಉಳುವವರಿಗೆ ಇಂಥ ಚೀಟಿಯೂ ಒಂದು ಸಾಕ್ಷಿ. ಕಾಗೋಡಿನ ಹೋರಾಟದ ಬಗ್ಗೆ ಪುಸ್ತಕಗಳಿವೆ. ನಮ್ಮ ಮನೆ ಯಾವ ವರ್ಷ ಎಷ್ಟು ಭತ್ತ ಅಳೆಯಿತು ಎಂಬುದು ಮಾತ್ರ ಈ ಚೀಟಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಮದುವೆಯ ಮುಯ್ಯಿ ಪುಸ್ತಕವೂ ಹಾಗೆಯೇ. ಯಾವ ಊರಿನ ಯಾರು ಬಂದರು, ಎಷ್ಟು ಕೊಟ್ಟರು ಎಂಬುದೆಲ್ಲ ಅದರಲ್ಲಿದೆ. 1957ರಲ್ಲಿ ನಯಾಪೈಸೆ ಬರುವುದಕ್ಕೆ ಮುಂಚಿನ ಪುಟಗಳಲ್ಲಿ ಪೂರಾ ಆಣೆ ಲೆಕ್ಕ.

ಮೊಬೈಲಿನಲ್ಲಿ ಫೋಟೊ ಹೊಡೆದರೆ ಸಾಲದೇ ಎಂದು ಮಕ್ಕಳು ಕೇಳುತ್ತಾರೆ. ಸಾಲದು. ಎಷ್ಟೋ ಆ್ಯಪ್‌ಗಳು ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಮಾಸಿದ ಪೆನ್ಸಿಲ್ ಗೆರೆಯನ್ನೂ ತೊಳೆದುಬಿಡುತ್ತವೆ. ಮುಚ್ಚಳವಿರುವ ಸಾದಾ ಸ್ಕ್ಯಾನರಿನಲ್ಲಿ ಬೆಳಕು ಸಮನಾಗಿ ಬೀಳುತ್ತದೆ, ಕಾಗದ ಮಟ್ಟಸವಾಗಿ ಕೂರುತ್ತದೆ. ಕಪ್ಪು–ಬಿಳುಪು ಬೇಡ, ಕಲರ್‌ನಲ್ಲೇ ಮಾಡಿ. ಇಲ್ಲದಿದ್ದರೆ ನೇರಳೆ ಮೊಹರು, ನೀಲಿ ಹೆಬ್ಬೆಟ್ಟು, ಕಂದು ಕಲೆ ಎಲ್ಲ ಒಂದೇ ಮಸಿಯಾಗುತ್ತವೆ. ಸಾಮಾನ್ಯ ಬರಹಕ್ಕೆ 300 ಡಿಪಿಐ ಸಾಕು, ಪೆನ್ಸಿಲ್ ಚೀಟಿಗೂ ಸಣ್ಣ ಫೋಟೊಗಳಿಗೂ 600 ಇಡಿ. ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರ ಮೂಡಿಬಂದರೆ ಬೆನ್ನಿಗೊಂದು ಕಪ್ಪು ಹಾಳೆ ಕೊಟ್ಟರೆ ಆಯಿತು. ಉದ್ದದ ಛಾಪಾ ಕಾಗದ ಎ4 ಗಾಜಿಗೆ ಹಿಡಿಯುವುದಿಲ್ಲ. ನಡುವಿನ ಒಂದೆರಡು ಸಾಲು ಎರಡರಲ್ಲೂ ಬರುವಂತೆ ಎರಡು ಸಲ ಮಾಡಬೇಕು. ತುಕ್ಕು ಹಿಡಿದ ಗುಂಡುಪಿನ್ನು ಮೊದಲೇ ತೆಗೆಯಿರಿ. ಬೆನ್ನುಬದಿ ಖಾಲಿ ಕಂಡರೂ ಬಿಡಬೇಡಿ, ನಮ್ಮ ಒಂದು ಚೀಟಿಯ ಹಿಂದೆ ಬಿತ್ತನೆಯ ಲೆಕ್ಕ ಸಿಕ್ಕಿದೆ.

ಇಷ್ಟು ಯಂತ್ರದ ಕೆಲಸ. ಇದಕ್ಕಿಂತ ತುರ್ತಿನದು ಓದಿಸುವ ಕೆಲಸ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಅಚ್ಚಾದ ಕನ್ನಡವನ್ನು ಓದುತ್ತದೆ, ಹಳಬರ ಕೈಬರಹ ಅದಕ್ಕೆ ಒಗ್ಗುವುದಿಲ್ಲ. ನಮ್ಮ ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, “ಇದು ಬೈಲು ಗದ್ದೆದಲ್ಲ ಕಣೇ, ಮಕ್ಕಿ ಗದ್ದೆ ಗೇಣಿ” ಎಂದರು. ಚೀಟಿಯಲ್ಲಿ ಗದ್ದೆಯ ಹೆಸರೇ ಇಲ್ಲ. ಅಳತೆ ನೋಡಿಯೇ ಹೇಳಿದರು. ಅವರು ಹೇಳಿದ್ದನ್ನು ಕೂಡಲೇ ಫೈಲಿನ ಹೆಸರಿಗೆ ಸೇರಿಸಿದೆ: ಮೊದಲು ಇಸವಿ, ಆಮೇಲೆ ಏನು, ಯಾರದು. ಸ್ಕ್ಯಾನ್ ಮುಂದಿನ ವರ್ಷವೂ ಆದೀತು, ಹೀಗೆ ಓದಿ ಹೇಳುವವರು ಎಲ್ಲ ಮನೆಗಳಲ್ಲೂ ಕಡಿಮೆಯಾಗುತ್ತಿದ್ದಾರೆ.

ಪ್ರತಿಗಳು ಒಂದೇ ಕಂಪ್ಯೂಟರಿನಲ್ಲಿ ಉಳಿಯಬಾರದು. ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ತಂಗಿಯ ಮನೆಯಲ್ಲಿ ಇರಲಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಮೂಲ ಕಾಗದವನ್ನು ಎಸೆಯಬೇಡಿ, ಲ್ಯಾಮಿನೇಷನ್ ಮಾಡಿಸಲೂ ಬೇಡಿ. ಅಂಟಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೂ ಕಿತ್ತುಬರುತ್ತದೆ.

ಮಲೆನಾಡಿನಲ್ಲಿ ಜೂನ್ ಬಂದರೆ ಡಬ್ಬಿಯೊಳಗಿನ ಕಾಗದವೂ ತಣಸು ಹಿಡಿಯುತ್ತದೆ. ಬೇಸಿಗೆ ರಜೆಗೆ ಮಕ್ಕಳು ಊರಿಗೆ ಬಂದಾಗ ಟ್ರಂಕು ಇಳಿಸಿ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಶುರುಮಾಡಿ.