ಖಾಸಗಿ ಬ್ರೌಸರ್ ಎಂದರೆ ನಂಬಿಬಿಡಬೇಕೇ?

ಪಂಪ್‌ಸೆಟ್ ರೇಟು ಎಷ್ಟು ಅಂತ ಒಂದು ಸಲ ಫೋನಿನಲ್ಲಿ ಹುಡುಕಿ ನೋಡಿ. ಮರುದಿನ ಸುದ್ದಿ ಓದಲು ಹೋದರೂ ಪಂಪ್‌ಸೆಟ್, ಅಡುಗೆ ವಿಡಿಯೋ ನೋಡಿದರೂ ಪಂಪ್‌ಸೆಟ್. ನಾವು ತೆರೆಯುವ ಪುಟದೊಳಗೇ ಬೇರೆ ಕಂಪನಿಗಳ ಸಣ್ಣ ಪ್ರೋಗ್ರಾಂಗಳು ಕೂತಿರುತ್ತವೆ. ಯಾರು ಏನು ನೋಡಿದರು ಎಂದು ಬರೆದಿಟ್ಟುಕೊಳ್ಳುವುದೇ ಅವುಗಳ ಕೆಲಸ. ಇವನ್ನು ತಡೆಯುತ್ತೇವೆ ಎನ್ನುವ ಬ್ರೌಸರ್‌ಗಳು ಬ್ರೇವ್, ಡಕ್‌ಡಕ್‌ಗೋ, ಫೈರ್‌ಫಾಕ್ಸ್. ಎಲ್ಲವೂ ಪುಕ್ಕಟೆ.

ಅರಸೀಕೆರೆಯ ಕೊಬ್ಬರಿ ಮಾರುವ ರೈತನಿಗೆ ಇಲ್ಲೇ ಅನುಮಾನ ಬರಬೇಕು. ಕಮಿಷನ್ನೇ ಬೇಡ ಎನ್ನುವ ದಲ್ಲಾಳಿ ಸಿಕ್ಕರೆ, ಇವನ ಹೊಟ್ಟೆಗೆ ಎಲ್ಲಿಂದ ಬರುತ್ತೆ ಅಂತ ಕೇಳುವುದಿಲ್ಲವೇ?

ಕೇಳಿದರೆ ಉತ್ತರ ಇದೆ. 2020ರ ಜೂನ್‌ನಲ್ಲಿ ಬ್ರೇವ್ ಸಿಕ್ಕಿಬಿತ್ತು. ಬೈನಾನ್ಸ್ ಎಂಬ ಕ್ರಿಪ್ಟೊ ಕಂಪನಿಯ ವಿಳಾಸ ಟೈಪ್ ಮಾಡಿದರೆ, ಬ್ರೌಸರ್ ತಾನೇ ತನ್ನ ಕಮಿಷನ್ ಕೋಡ್ ಸೇರಿಸುತ್ತಿತ್ತು. ಮುಖ್ಯಸ್ಥ ಬ್ರೆಂಡನ್ ಐಕ್ ತಪ್ಪಾಯಿತು ಎಂದರು. 2022ರ ಮೇನಲ್ಲಿ ಡಕ್‌ಡಕ್‌ಗೋ ಸರದಿ. ಉಳಿದವರನ್ನು ತಡೆಯುತ್ತಿದ್ದ ಅದರ ಬ್ರೌಸರ್ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು ಮಾತ್ರ ಬಿಡುತ್ತಿತ್ತು. ಹುಡುಕಾಟದ ಫಲಿತಾಂಶಕ್ಕಾಗಿ ಇಬ್ಬರ ನಡುವೆ ಒಪ್ಪಂದವಿತ್ತು. ಗಲಾಟೆಯಾದ ಮೇಲೆ ಆಗಸ್ಟ್‌ನಲ್ಲಿ ಸರಿಪಡಿಸಿತು. ಫೈರ್‌ಫಾಕ್ಸ್‌ನ ಮೊಝಿಲ್ಲಾಗೆ ಬರುವ ಹಣದಲ್ಲಿ ದೊಡ್ಡ ಪಾಲು ಗೂಗಲ್‌ನದೇ.

ಹಾಗಾದರೆ ಎಲ್ಲರೂ ಒಂದೇ ಎಂದು ನಾವು ಹೇಳುವುದಿಲ್ಲ. ನಮ್ಮ ಕಡೆ ಕಡಿಮೆ ಬೆಲೆಯ ಫೋನುಗಳಲ್ಲೆಲ್ಲ ಒಂದು ಕಾಲಕ್ಕೆ ಯುಸಿ ಬ್ರೌಸರ್ ಇತ್ತು, ನೆನಪಿದೆಯೇ? ನಿಧಾನದ ನೆಟ್‌ನಲ್ಲೂ ಓಡುತ್ತಿತ್ತು, ಡೇಟಾ ಉಳಿಸುತ್ತಿತ್ತು. ಅದು ಬಳಕೆದಾರರ ಮಾಹಿತಿಯನ್ನು ಸರಿಯಾದ ಭದ್ರತೆ ಇಲ್ಲದೆ ಕಳಿಸುತ್ತಿದೆ ಎಂದು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರಲ್ಲೇ ಹೇಳಿತ್ತು. 2020ರ ಜೂನ್ 29ರಂದು ಸರ್ಕಾರ 59 ಚೀನೀ ಆಪ್‌ಗಳನ್ನು ನಿಷೇಧಿಸುವವರೆಗೂ ಅದು ನಮ್ಮ ಜೇಬಿನಲ್ಲೇ ಇತ್ತು. ಬ್ರೇವ್‌, ಫೈರ್‌ಫಾಕ್ಸ್‌ಗಳ ಕೋಡ್ ಹಾಗಲ್ಲ, ಯಾರು ಬೇಕಾದರೂ ತೆರೆದು ನೋಡಬಹುದು. ತಕ್ಕಡಿ ಎದುರಿಗಿಟ್ಟು ತೂಗುವವನೂ ಮೋಸ ಮಾಡಬಹುದು, ಆದರೆ ಬೇಗ ಸಿಕ್ಕಿಬೀಳುತ್ತಾನೆ. ನಮ್ಮ ನಂಬಿಕೆ ಅಷ್ಟಕ್ಕೆ ಮಾತ್ರ.

ಕ್ರೋಮ್‌ನ ಇನ್‌ಕಾಗ್ನಿಟೊ ಸಾಕಲ್ಲ ಎನ್ನುವವರಿದ್ದಾರೆ. ಅದು ಫೋನಿನಲ್ಲಿ ಹಿಸ್ಟರಿ ಉಳಿಯದಂತೆ ಮಾಡುತ್ತದೆ, ಮನೆಯವರ ಕಣ್ಣು ತಪ್ಪಿಸಬಹುದು. ಅಮೆರಿಕದಲ್ಲಿ ಇದರ ಮೇಲೆ ಕೇಸು ನಡೆದು, ಹಾಗೆ ಸಂಗ್ರಹವಾಗಿದ್ದ ಕೋಟ್ಯಂತರ ದಾಖಲೆ ಅಳಿಸಲು ಗೂಗಲ್ 2024ರಲ್ಲಿ ಒಪ್ಪಬೇಕಾಯಿತು.

ಖಾಸಗಿತನ ಪಟ್ಟಣದವರ ಶೋಕಿ ಎಂಬ ಮಾತನ್ನು ಬೇಲೂರು ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತೇವೆ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಬೇರೆ ಊರಿನವರ ಗೊಡವೆ ಅಲ್ಲ ಇದು. ಯಾವ ಕಾಯಿಲೆ ಹುಡುಕಿದೆವು, ಎಷ್ಟು ಸಾಲ ಹುಡುಕಿದೆವು ಎಂಬುದು ಹಳೇಬೀಡಿನವರಿಗೂ ಗುಟ್ಟೇ.

ಅಂಥ ಹುಡುಕಾಟಕ್ಕೆ ಫೈರ್‌ಫಾಕ್ಸ್ ಅಥವಾ ಬ್ರೇವ್ ಹಾಕಿಕೊಳ್ಳಿ, ಕ್ರೋಮ್‌ಗಿಂತ ವಾಸಿ. ಆದರೆ ಫಾರಂನಲ್ಲಿ ನಾವೇ ತುಂಬುವ ಫೋನ್ ನಂಬರನ್ನು, ಕಾಂಟ್ಯಾಕ್ಟ್ಸ್ ಕೇಳುವ ಸಾಲದ ಆಪನ್ನು ಯಾವ ಬ್ರೌಸರೂ ತಡೆಯುವುದಿಲ್ಲ. ಬ್ರೌಸರ್ ಬೇಕಾದರೆ ಪ್ಲೇ ಸ್ಟೋರಿನಿಂದಲೇ ತೆಗೆದುಕೊಳ್ಳಿ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್ ಒತ್ತಬೇಡಿ, ಕಳಿಸಿದವರು ಸ್ವಂತ ಭಾವನೇ ಆಗಿದ್ದರೂ.